ಓದುಗರ ಪ್ರಶ್ನೆ: 38ರಲ್ಲಿ ಪಿಎಲ್‌ಸಿ ತಲೆಗೆ ಹತ್ತುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕೈಯಲ್ಲಿ ಒಂದು ಕೆಲಸ ಇದೆ. ಬೇರೆ ಕೆಲಸಕ್ಕೆ ಹೋಗಬೇಕು, ಅದಕ್ಕೆ ಹೊಸದೇನೋ ಕಲಿಯಬೇಕು. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಯಾಕೆಂದರೆ ಅದು ನಾನೇ ನಡೆದ ದಾರಿ. ಅದರಲ್ಲಿ ಬರುವ ಪಿಎಲ್‌ಸಿ ಅಂದರೆ ಕಾರ್ಖಾನೆಯ ಮೆಷಿನುಗಳನ್ನು ಪ್ರೋಗ್ರಾಮ್ ಪ್ರಕಾರ ನಡೆಸುವ ಸಣ್ಣ ಕಂಪ್ಯೂಟರ್. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಣ್ಣಾ, ನನಗೆ 38 ವರ್ಷ. ಐಟಿಐ ಎಲೆಕ್ಟ್ರಿಷಿಯನ್. ರಬಾಲೆಯ ಒಂದು ಕಾರ್ಖಾನೆಯಲ್ಲಿ 14 ವರ್ಷದಿಂದ ಮೇಂಟೆನೆನ್ಸ್‌ನಲ್ಲಿದ್ದೇನೆ. ಮೋಟಾರು, ಸ್ಟಾರ್ಟರ್, ಪ್ಯಾನೆಲ್ ಎಲ್ಲಾ ನಾನೇ ನೋಡುತ್ತೇನೆ. ಈಗ ಹೊಸ ಲೈನ್ ಬಂದಿದೆ. ಅದು ನಿಂತರೆ ಹೊರಗಿನ ಇಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ನಾನು ಪಕ್ಕದಲ್ಲಿ ಟೆಸ್ಟರ್ ಹಿಡಿದು ನಿಂತಿರುತ್ತೇನೆ. ಮುಂದಿನ ವರ್ಷ ಆಟೋಮೇಶನ್ ಟೆಕ್ನಿಷಿಯನ್ ಅಂತ ಒಂದು ಪೋಸ್ಟ್ ಮಾಡುತ್ತಾರಂತೆ. ಅದು ನನಗೆ ಸಿಗಬೇಕು ಅಂತ ಆಸೆ. ಕಂಪ್ಯೂಟರ್ ಮುಟ್ಟಿದ್ದು ಕಡಿಮೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗಣಿತದಲ್ಲಿ ಹಿಂದೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ವಾಪಸ್. ಈ ವಯಸ್ಸಲ್ಲಿ ಪಿಎಲ್‌ಸಿ ತಲೆಗೆ ಹತ್ತುತ್ತಾ? ಎಲ್ಲಿಂದ ಶುರು ಮಾಡಲಿ?
– ಡೊಂಬಿವಲಿಯಿಂದ ಒಬ್ಬರು

ಉತ್ತರ: ಹತ್ತುತ್ತೆ ತಮ್ಮಾ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟೆಸ್ಟರ್ ಹಿಡಿದು ಪಕ್ಕದಲ್ಲಿ ನಿಲ್ಲುವುದು ಹೇಗಿರುತ್ತೆ ಅಂತ ನನಗೆ ಗೊತ್ತು.

ನಾನು 1975ರಲ್ಲಿ ಕಾರ್ಕಳದ ಕಡೆಯಿಂದ ಮುಂಬೈಗೆ ಬಂದವನು. ಆಗ 14 ವರ್ಷ. ಫೋರ್ಟ್‌ನ ಹೋಟೆಲಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಐಟಿಐ ಮಾಡಿ ಲೋವರ್ ಪರೇಲ್‌ನ ಒಂದು ಮಿಲ್ಲಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಇನ್ನು ಜೀವನ ಪೂರ್ತಿ ಇದೇ ಅಂದುಕೊಂಡಿದ್ದೆ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಮಂದಿ ಕೆಲಸ ಬಿಟ್ಟು ಹೊರಗೆ ಬಂದರು. ಎಷ್ಟೋ ಮಿಲ್ಲುಗಳ ಭೋಂಗಾ (ಸೈರನ್) ಮತ್ತೆ ಮೊದಲಿನ ಹಾಗೆ ಕೂಗಲೇ ಇಲ್ಲ. ನಾನು ಕುರ್ಲಾ ಕಡೆಯ ಒಂದು ಪ್ಯಾನೆಲ್ ವರ್ಕ್‌ಶಾಪಿಗೆ ಸೇರಿದೆ. ಒಂಬತ್ತು ವರ್ಷ ರಿಲೇ, ಕಾಂಟ್ಯಾಕ್ಟರ್, ಟೈಮರ್ ವೈರಿಂಗ್ ಮಾಡಿದೆ. ರಿಲೇ, ಕಾಂಟ್ಯಾಕ್ಟರ್ ಅಂದರೆ ಒಳಗಿನ ಕಾಯಿಲಿಗೆ ಕರೆಂಟ್ ಕೊಟ್ಟರೆ ತಾನಾಗಿ ಬದಲಾಗುವ ಸ್ವಿಚ್ಚುಗಳು. ಲೋಹಾರ್ ಚಾಳದಲ್ಲಿ ಸಾಮಾನು ತರುವುದು, ರಾತ್ರಿ ತನಕ ವೈರ್ ತುದಿಗೆ ಲಗ್ಸ್ ಒತ್ತುವುದು. 1991ರಲ್ಲಿ ಒಂದು ಗಿರಾಕಿ ಪ್ಯಾನೆಲ್ ಜೊತೆ ಪಿಎಲ್‌ಸಿ ಬೇಕು ಅಂದರು. ವರ್ಕ್‌ಶಾಪಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಲೀಕರು ಡಬ್ಬಿ ತಂದು ನನ್ನ ಟೇಬಲ್ ಮೇಲೆ ಇಟ್ಟರು. ನನಗಾಗ 30. ಇಬ್ಬರು ಮಕ್ಕಳು.

ಒಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಪಿಎಲ್‌ಸಿ ಹುಟ್ಟಿದ್ದು ನಮ್ಮಂತಹ ಎಲೆಕ್ಟ್ರಿಷಿಯನ್‌ಗಳಿಗಾಗಿ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಗೆ ಒಂದು ತಲೆನೋವಿತ್ತು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ಕಪಾಟುಗಟ್ಟಲೆ ರಿಲೇ ವೈರಿಂಗ್ ಬಿಚ್ಚಿ ಮತ್ತೆ ಮಾಡಬೇಕಿತ್ತು. ವೈರ್ ಬದಲಿಸದೆ ಕೆಲಸ ಬದಲಿಸುವ ಸಾಧನ ಬೇಕು ಅಂದರು. ಡಿಕ್ ಮೋರ್ಲಿ ಮತ್ತು ಅವರ ಜೊತೆಯವರು ಮೋಡಿಕಾನ್ 084 ಅಂತ ಒಂದು ಯಂತ್ರ ಮಾಡಿದರು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅದನ್ನು ಓದಬೇಕಲ್ವಾ? ಅದಕ್ಕೇ ಪ್ರೋಗ್ರಾಮನ್ನು ರಿಲೇ ಡ್ರಾಯಿಂಗಿನ ಹಾಗೇ ತೋರಿಸುವ ಪದ್ಧತಿ ಬಂತು. ಎರಡು ಉದ್ದ ಗೆರೆ, ನಡುವೆ ಮೆಟ್ಟಿಲು. ಅದೇ ಲ್ಯಾಡರ್. ನೀವು 14 ವರ್ಷದಿಂದ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಡ್ರಾಯಿಂಗಲ್ಲಿ ನೋಡುತ್ತಿರುವುದೂ ಅದನ್ನೇ.

ಹಾಗಾಗಿ ಸೊನ್ನೆಯಿಂದ ಶುರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಡಿಒಎಲ್ ಸ್ಟಾರ್ಟರ್ (ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಟ್ಟು ಶುರು ಮಾಡುವುದು) ನಿಮಗೆ ಕಣ್ಣು ಮುಚ್ಚಿ ಬರುತ್ತೆ. ಸ್ಟಾರ್ಟ್ ಬಟನ್, ಅದಕ್ಕೆ ಪ್ಯಾರಲಲ್ ಆಗಿ ಕಾಂಟ್ಯಾಕ್ಟರಿನ ಹೋಲ್ಡಿಂಗ್ ಕಾಂಟ್ಯಾಕ್ಟ್, ಸೀರೀಸಲ್ಲಿ ಸ್ಟಾಪ್, ಓವರ್‌ಲೋಡ್, ಕೊನೆಗೆ ಕಾಯಿಲ್. ಲ್ಯಾಡರಲ್ಲಿ ನಿಮ್ಮ ಮೊದಲ ಮೆಟ್ಟಿಲು ಇದೇ ಇರಲಿ. ಬೇರೆ ಯಾವ ಉದಾಹರಣೆಯೂ ಬೇಡ.

ಅಲ್ಲೇ ಒಂದು ಕಡೆ ನೀವು ಸಿಕ್ಕಿಬೀಳುತ್ತೀರಿ. ನಾನು ಮೂರು ದಿನ ಸಿಕ್ಕಿಬಿದ್ದಿದ್ದೆ. ರಿಲೇ ಡ್ರಾಯಿಂಗಲ್ಲಿ ಸ್ಟಾಪ್ ಬಟನ್ ಎನ್‌ಸಿ, ಅಂದರೆ ಒತ್ತದೇ ಇದ್ದಾಗ ಕರೆಂಟ್ ಹರಿಯಲು ಬಿಡುವುದು. ಪ್ರೋಗ್ರಾಮಲ್ಲೂ ಅದನ್ನು ಎನ್‌ಸಿ ಅಂತಲೇ ಬರೆದೆ. ಮೋಟಾರು ಸ್ಟಾರ್ಟೇ ಆಗಲಿಲ್ಲ. ಸ್ಟಾಪ್ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಮಾತ್ರ ಓಡುತ್ತಿತ್ತು! ಕಾರಣ ಇಷ್ಟೇ. ಬಟನ್ ಒತ್ತದೇ ಇದ್ದಾಗ ಅದರ ಎನ್‌ಸಿ ಕಾಂಟ್ಯಾಕ್ಟ್ ಮೂಲಕ ಇನ್‌ಪುಟ್‌ಗೆ ಆಗಲೇ 24 ವೋಲ್ಟ್ ಬಂದಿರುತ್ತೆ. ಪಿಎಲ್‌ಸಿ ಪ್ರಕಾರ ಆ ಇನ್‌ಪುಟ್ ಆನ್. ಪ್ರೋಗ್ರಾಮಲ್ಲಿ ಎನ್‌ಸಿ ಅಂದರೆ 'ಇನ್‌ಪುಟ್ ಆನ್ ಇದ್ದರೆ ದಾರಿ ಬಿಡಬೇಡ' ಅಂತ. ಆದ್ದರಿಂದ ವೈರಿಂಗಲ್ಲಿ ಎನ್‌ಸಿ ಇರುವ ಸ್ಟಾಪನ್ನು ಪ್ರೋಗ್ರಾಮಲ್ಲಿ ಎನ್‌ಒ (ಎನ್‌ಸಿಯ ಉಲ್ಟಾ) ಅಂತ ಬರೆಯಬೇಕು. 'ಹಾಗಾದರೆ ಬಟನ್ನನ್ನೇ ಎನ್‌ಒ ಮಾಡಿಬಿಡೋಣ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವೈರ್ ತುಂಡಾದರೆ ಮೋಟಾರು ನಿಲ್ಲಬೇಕು. ಎನ್‌ಸಿ ಇದ್ದರೆ ತಾನಾಗಿ ನಿಲ್ಲುತ್ತೆ. ಎನ್‌ಒ ಇದ್ದರೆ ವೈರ್ ತುಂಡಾಗಿದ್ದು ತಿಳಿಯುವುದು ಸ್ಟಾಪ್ ಒತ್ತಿದಾಗ, ಅಂದರೆ ಮೋಟಾರು ನಿಲ್ಲದೇ ಇದ್ದಾಗ. ಕಾರ್ಖಾನೆಯಲ್ಲಿ ಇದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು.

ನಿಮಗೆ ನಿಜವಾಗಿ ಹೊಸದು ಒಂದೇ, ಸ್ಕ್ಯಾನ್. ರಿಲೇ ಪ್ಯಾನೆಲಲ್ಲಿ ಎಲ್ಲಾ ರಿಲೇಗಳೂ ಒಟ್ಟಿಗೇ ಕೆಲಸ ಮಾಡುತ್ತವೆ. ಪಿಎಲ್‌ಸಿ ಹಾಗಲ್ಲ. ಮೊದಲು ಎಲ್ಲಾ ಇನ್‌ಪುಟ್ ಓದಿಕೊಳ್ಳುತ್ತೆ. ಆಮೇಲೆ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಒಂದೊಂದೇ ಮೆಟ್ಟಿಲು ಲೆಕ್ಕ ಹಾಕುತ್ತೆ. ಕೊನೆಗೆ ಔಟ್‌ಪುಟ್ ಬದಲಿಸುತ್ತೆ. ಮತ್ತೆ ಮೊದಲಿಂದ. ಒಂದು ಸುತ್ತು ಸಾಮಾನ್ಯವಾಗಿ ಕೆಲವು ಮಿಲಿಸೆಕೆಂಡು. ಇದನ್ನು ಮನಸ್ಸಿಗೆ ಇಳಿಸಿಕೊಳ್ಳದವರು ಒಂದೇ ಔಟ್‌ಪುಟ್ ಕಾಯಿಲನ್ನು ಎರಡು ಕಡೆ ಬರೆದಿಡುತ್ತಾರೆ. ಆಗ ಕೆಳಗಿನದು ಹೇಳಿದ್ದೇ ನಡೆಯುತ್ತೆ, ಮೇಲಿನದು ಸುಮ್ನೆ. 'ಕಂಡೀಷನ್ ಎಲ್ಲಾ ಸರಿ ಇದೆ, ಔಟ್‌ಪುಟ್ ಬರ್ತಿಲ್ಲ' ಅಂತ ಯಾರಾದರೂ ಕರೆದರೆ ನಾನು ಮೊದಲು ಹುಡುಕುತ್ತಿದ್ದದ್ದು ಇದನ್ನೇ.

ಗಣಿತದ ಭಯ ಬಿಡಿ. ನಿಮಗೆ ಬೇಕಾಗಿರುವುದು ತ್ರೈರಾಶಿ. ಪ್ರೆಶರ್ ಟ್ರಾನ್ಸ್‌ಮಿಟರ್ (ಒತ್ತಡ ಅಳೆದು ಸಿಗ್ನಲ್ ಕಳಿಸುವ ಸಾಧನ) 0ಯಿಂದ 10 ಬಾರ್‌ನದ್ದು ಅಂದುಕೊಳ್ಳಿ. ಅದು 4ರಿಂದ 20 ಮಿಲಿ ಆಂಪಿಯರ್ ಕೊಡುತ್ತೆ. 4 ಅಂದರೆ 0 ಬಾರ್, 20 ಅಂದರೆ 10 ಬಾರ್. 12 ಮಿಲಿ ಆಂಪಿಯರ್ ಬಂದರೆ? ನಡು ಮಧ್ಯ, 5 ಬಾರ್. ಪಿಎಲ್‌ಸಿ ಒಳಗೆ ಅದು ಇನ್ನೊಂದು ಅಂಕಿ ಆಗುತ್ತೆ. ಸೀಮೆನ್ಸ್‌ನಲ್ಲಾದರೆ ಪೂರ್ತಿ ಅಳತೆಗೆ 27648, ಅರ್ಧಕ್ಕೆ 13824. ಲೆಕ್ಕ ಅದೇ. ಶುರು 4ರಿಂದ ಯಾಕೆ, 0ಯಿಂದ ಯಾಕಲ್ಲ ಅಂತ ಇಂಟರ್‌ವ್ಯೂನಲ್ಲಿ ಖಂಡಿತ ಕೇಳುತ್ತಾರೆ. ವೈರ್ ತುಂಡಾದರೆ 0 ಬರುತ್ತೆ. ಸರಿ ಇದ್ದು ಪ್ರೆಶರ್ ಇಲ್ಲದಿದ್ದರೆ 4 ಬರುತ್ತೆ. ಎರಡೂ ಬೇರೆ ಬೇರೆ ಅಂತ ತಿಳಿಯಬೇಕು, ಅದಕ್ಕೆ. ನೋಡಿ, ಸ್ಟಾಪ್ ಬಟನ್ ಎನ್‌ಸಿ ಇರುವುದಕ್ಕೂ ಇದೇ ಕಾರಣ ಅಲ್ವಾ?

ಈಗ ಸಮಯದ ಮಾತು. ಡೊಂಬಿವಲಿ ಲೋಕಲಲ್ಲಿ ಕೈ ಎತ್ತೋಕೂ ಜಾಗ ಇರಲ್ಲ, ಥಾಣೆಯಲ್ಲಿ ಇಳಿದು ಮತ್ತೆ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯಬೇಕು. ದಿನಾ ರಾತ್ರಿ ಎರಡು ಗಂಟೆ ಓದಿ ಅಂತ ನಾನು ಹೇಳಲ್ಲ. ಎಂಟಕ್ಕೆ ಮನೆ ಮುಟ್ಟಿದವನಿಗೆ ಅದು ಆಗದ ಮಾತು. ಭಾನುವಾರ ಬೆಳಿಗ್ಗೆ ಮೂರು ಗಂಟೆ ಇಟ್ಟುಕೊಳ್ಳಿ. ವಾರದ ಮಧ್ಯೆ ಎರಡು ರಾತ್ರಿ ಅರ್ಧ ಗಂಟೆ. ಮನೆಯವರ ಹತ್ತಿರ ಇದನ್ನು ಕೂತು ಮಾತಾಡಿ. ನಾನು ಮಾತಾಡದೆ ಶುರು ಮಾಡಿದ್ದೆ. ಮೂರು ತಿಂಗಳು ಮನೆಯಲ್ಲಿ ಎಲ್ಲರಿಗೂ ಬೇಜಾರಾಯಿತು. ಅದು ನನ್ನ ತಪ್ಪೇ.

ಒಂದು ಹಳೇ ಲ್ಯಾಪ್‌ಟಾಪ್ ಬೇಕು. ಲ್ಯಾಮಿಂಗ್ಟನ್ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ವಿಂಡೋಸ್, 8 ಜಿಬಿ ರ‍್ಯಾಮ್ ಇರಲಿ. ಪಿಎಲ್‌ಸಿ ಈಗಲೇ ಕೊಳ್ಳಬೇಡಿ. ಕೋಡೆಸಿಸ್ ಅಂತ ಸಾಫ್ಟ್‌ವೇರ್ ಇದೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಸಿಮ್ಯುಲೇಶನ್ ಇದೆ. ಪ್ರೋಗ್ರಾಮ್ ಬರೆದು ಪರದೆಯ ಮೇಲೇ ಓಡಿಸಿ ನೋಡಬಹುದು. ನಿಮ್ಮ ಲೈನಲ್ಲಿರುವುದು ಬೇರೆ ಕಂಪನಿಯ ಪಿಎಲ್‌ಸಿ ಇರಬಹುದು, ಪರವಾಗಿಲ್ಲ. ಪಿಎಲ್‌ಸಿ ಪ್ರೋಗ್ರಾಮ್ ಬರೆಯುವ ಭಾಷೆಗಳಿಗೆ ಐಇಸಿ 61131-3 ಅಂತ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, 1993ರಿಂದ. ಒಂದರಲ್ಲಿ ಕೈ ಕೂತರೆ ಇನ್ನೊಂದಕ್ಕೆ ಹೋಗಲು ಹೆಚ್ಚು ದಿನ ಬೇಡ. ಪಾಠಕ್ಕೆ ಎನ್‌ಪಿಟಿಇಎಲ್‌ನಲ್ಲಿ (ಐಐಟಿ ಮುಂತಾದವುಗಳ ಪಾಠದ ವೆಬ್‌ಸೈಟ್) ಐಐಟಿ ಖರಗ್‌ಪುರದ ಇಂಡಸ್ಟ್ರಿಯಲ್ ಆಟೋಮೇಶನ್ ವಿಡಿಯೋಗಳಿವೆ. ನೋಡಲು ದುಡ್ಡಿಲ್ಲ. ಇಂಗ್ಲಿಷಲ್ಲಿದೆ, ಇಂಜಿನಿಯರಿಂಗ್ ಹುಡುಗರಿಗೆ ಮಾಡಿದ್ದು. ನಿಯಂತ್ರಣದ ಗಣಿತ ಬರುವ ಭಾಗ ಬಿಟ್ಟುಬಿಡಿ, ಪಿಎಲ್‌ಸಿ ಮತ್ತು ಸೆನ್ಸರ್ ಬಗ್ಗೆ ಇರುವುದನ್ನು ನೋಡಿ.

ಡಿಒಎಲ್ ಆದಮೇಲೆ ಸ್ಟಾರ್-ಡೆಲ್ಟಾ (ಮೋಟಾರನ್ನು ಕಡಿಮೆ ವೋಲ್ಟೇಜಲ್ಲಿ ಶುರು ಮಾಡಿ ಆಮೇಲೆ ಪೂರ್ತಿಗೆ ಬದಲಿಸುವ ಸ್ಟಾರ್ಟರ್) ಬರೆಯಿರಿ. ಟೈಮರ್, ಇಂಟರ್‌ಲಾಕ್ (ಎರಡು ಕಾಂಟ್ಯಾಕ್ಟರ್ ಒಟ್ಟಿಗೆ ಆನ್ ಆಗದ ತಡೆ) ಎರಡೂ ಅದರಲ್ಲಿ ಬರುತ್ತೆ. ಸ್ಟಾರ್ ಬಿಟ್ಟು ಡೆಲ್ಟಾ ಹಿಡಿಯುವ ಮಧ್ಯೆ ಸ್ವಲ್ಪ ಬಿಡುವು ಇಡುವುದನ್ನು ಮರೆಯಬೇಡಿ. ಪ್ರೋಗ್ರಾಮಲ್ಲಿ ಇಂಟರ್‌ಲಾಕ್ ಇದ್ದರೂ ವೈರಿಂಗಲ್ಲೂ ಇರಲೇಬೇಕು. ಸ್ಕ್ಯಾನ್ ಮಿಲಿಸೆಕೆಂಡಲ್ಲಿ ಮುಗಿಯುತ್ತೆ, ಕಾಂಟ್ಯಾಕ್ಟರಿಗೆ ಬಿಡಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇದು ನಿಮಗೆ ಗೊತ್ತು. ಲ್ಯಾಪ್‌ಟಾಪ್ ಮಾತ್ರ ಕಲಿತು ಬಂದ ಹುಡುಗನಿಗೆ ಗೊತ್ತಿರಲ್ಲ. ನಿಮ್ಮ 14 ವರ್ಷದ ಬೆಲೆ ಅಲ್ಲಿದೆ.

ಇನ್ನು ಪೋಸ್ಟ್. ಸರ್ಟಿಫಿಕೇಟ್ ತೋರಿಸಿ ಸಿಗುವುದಕ್ಕಿಂತ ಸಣ್ಣ ಕೆಲಸ ಮಾಡಿ ತೋರಿಸಿ ಸಿಗುವುದು ಜಾಸ್ತಿ. ಹೊಸ ಲೈನಿನ ಡ್ರಾಯಿಂಗ್ ಸೆಟ್ ಕೇಳಿ ತಗೊಳ್ಳಿ. ಒಂದು ನೋಟ್‌ಬುಕ್ಕಲ್ಲಿ ಪ್ರತಿಯೊಂದು ಇನ್‌ಪುಟ್, ಔಟ್‌ಪುಟ್ ಬರೆಯಿರಿ. ವಿಳಾಸ, ಅದು ಯಾವ ಸೆನ್ಸರ್, ಮೆಷಿನಿನ ಮೇಲೆ ಎಲ್ಲಿದೆ, ವೈರ್ ನಂಬರ್ ಎಷ್ಟು. ಲೈನ್ ನಿಂತಾಗ ಮೊದಲು ಪಿಎಲ್‌ಸಿಯ ಆ ಇನ್‌ಪುಟ್ ದೀಪ ನೋಡಿ. ಸೆನ್ಸರಿನ ದೀಪ ಹತ್ತಿ ಇಲ್ಲಿ ಹತ್ತಿಲ್ಲ ಅಂದರೆ ತೊಂದರೆ ಹೆಚ್ಚಾಗಿ ನಡುವಿನ ವೈರಲ್ಲಿ. ಎರಡೂ ಹತ್ತಿಲ್ಲ ಅಂದರೆ ಸೆನ್ಸರ್ ಹತ್ತಿರ ಹೋಗಿ. ನಾನು ನೋಡಿದ ಹೆಚ್ಚಿನ ಬ್ರೇಕ್‌ಡೌನ್‌ಗಳು ಪ್ರೋಗ್ರಾಮಿನದ್ದಲ್ಲ. ಸಡಿಲವಾದ ಬೋಲ್ಟ್, ಎಣ್ಣೆ ಮೆತ್ತಿದ ಸೆನ್ಸರ್, ಕತ್ತರಿಸಿದ ಕೇಬಲ್. ಅಷ್ಟಕ್ಕೆ ಹೊರಗಿನ ಇಂಜಿನಿಯರ್ ಬರುವ ತನಕ ಲೈನ್ ಕಾಯಬಾರದು. ನಾಲ್ಕು ಸಲ ಅವರು ಬರುವ ಮೊದಲೇ ನೀವು ಲೈನ್ ಎಬ್ಬಿಸಿದರೆ ಸೂಪರ್‌ವೈಸರ್ ಕಣ್ಣಿಗೆ ಬೀಳುತ್ತೆ.

ಇಂಜಿನಿಯರ್ ಬಂದಾಗ ಒಂದೇ ಪ್ರಶ್ನೆ ಕೇಳಿ, ಸರಿಯಾದದ್ದು ಕೇಳಿ. 'ಸರ್, ಈ ಇನ್‌ಪುಟ್ ಬಂದಿದೆ, ಆದರೂ ಸಿಲಿಂಡರ್ ಮುಂದೆ ಹೋಗ್ತಿಲ್ಲ, ಯಾವ ಕಂಡೀಷನ್ ಬಾಕಿ ಇದೆ, ಆನ್‌ಲೈನ್ (ಓಡುತ್ತಿರುವ ಪ್ರೋಗ್ರಾಮಲ್ಲೇ) ತೋರಿಸ್ತೀರಾ?' ಹೀಗೆ ಕೇಳಿದವನಿಗೆ ಯಾರೂ ಪರದೆ ಮುಚ್ಚಲ್ಲ. ಅವರು ಹೋಗುವಾಗ ಪ್ರೋಗ್ರಾಮಿನ ಹೊಸ ಬ್ಯಾಕಪ್ ಕಾರ್ಖಾನೆಯಲ್ಲಿ ಇದೆಯಾ ಅಂತ ಸೂಪರ್‌ವೈಸರ್‌ಗೆ ನೆನಪಿಸಿ. ಬ್ಯಾಕಪ್ ಇಲ್ಲದೆ ಪಿಎಲ್‌ಸಿ ಕೈ ಕೊಟ್ಟರೆ ಏನಾಗುತ್ತೆ ಅಂತ ನಾನು ಒಂದು ದೀಪಾವಳಿ ರಾತ್ರಿ ನೋಡಿದ್ದೇನೆ. ಆ ಬ್ಯಾಕಪ್ ಕಾಯುವ ಜವಾಬ್ದಾರಿ ನಿಮಗೇ ಬರಲಿ.

ಒಂದು ಎಚ್ಚರ. ಪಿಎಲ್‌ಸಿಯಲ್ಲಿ ಫೋರ್ಸ್ ಅಂತ ಇದೆ. ಕಂಡೀಷನ್ ಏನೇ ಇರಲಿ, ಔಟ್‌ಪುಟ್ಟನ್ನು ಕೂತಲ್ಲಿಂದಲೇ ಆನ್ ಮಾಡಬಹುದು. 1994ರಲ್ಲಿ ತುರ್ಭೆಯ ಒಂದು ಕಡೆ ನಾನು ಒಂದು ಔಟ್‌ಪುಟ್ ಫೋರ್ಸ್ ಮಾಡಿದೆ. ಮೆಷಿನಿನ ಆ ಬದಿಯಲ್ಲಿ ಹೆಲ್ಪರ್ ಹುಡುಗನ ಕೈ ಇತ್ತು. ನಾನು ನೋಡಿರಲಿಲ್ಲ. ಗಾಳಿಯ ಒತ್ತಡದಿಂದ ನಡೆಯುವ ಸಿಲಿಂಡರ್ ಮುಂದೆ ಬಂದು ಅವನ ಎರಡು ಬೆರಳಿಗೆ ಏಟಾಯಿತು. ವಾಸಿಯಾಯಿತು. ಆದರೂ ಅವನು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಗಾಳಿ ಬಂದ್ ಮಾಡಿ, ಬೀಗ ಹಾಕಿ, ಸುತ್ತ ನಡೆದು ನೋಡಿ, ಆಮೇಲೆ ಮಾತ್ರ ಕೀಲಿಮಣೆ. ಎಮರ್ಜೆನ್ಸಿ ಸ್ಟಾಪ್ ಸರ್ಕ್ಯೂಟಿಗಂತೂ ಕೈ ಹಾಕಬೇಡಿ. ಅದು ಸಾಮಾನ್ಯ ಪ್ರೋಗ್ರಾಮಿನ ಮೇಲೆ ನಿಂತಿರಬಾರದು, ಗಟ್ಟಿ ವೈರಿಂಗಲ್ಲೋ ಸೇಫ್ಟಿ ರಿಲೇಯಲ್ಲೋ ಇರಬೇಕು.

ಪ್ರಶ್ನೆ: ಮಗ ಡಿಪ್ಲೊಮಾ ಮುಗಿಸಿದ್ದಾನೆ. ಒಂದು ಕ್ಲಾಸಿನವರು ಮೂರು ತಿಂಗಳ ಆಟೋಮೇಶನ್ ಕೋರ್ಸಿಗೆ 75 ಸಾವಿರ ಕೇಳುತ್ತಿದ್ದಾರೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅನ್ನುತ್ತಾರೆ. ಸಾಲ ಮಾಡಿ ಸೇರಿಸಲಾ?
– ಭಾಂಡುಪ್‌ನಿಂದ ಒಬ್ಬ ತಂದೆ

ಉತ್ತರ: ಸಾಲ ಮಾಡಬೇಡಿ. ಗ್ಯಾರಂಟಿ ಎನ್ನುವ ಮಾತನ್ನು ಸಹಿ ಹಾಕಿ ಕಾಗದದಲ್ಲಿ ಕೊಡಲಿ, ಕೆಲಸ ಸಿಗದಿದ್ದರೆ ದುಡ್ಡು ವಾಪಸ್ ಅಂತ ಬರೆಯಲಿ. ಅಲ್ಲೇ ಗೊತ್ತಾಗುತ್ತೆ. ನಾನೂ 1992ರಲ್ಲಿ ಒಂದು ಕ್ಲಾಸಿಗೆ ಎರಡು ತಿಂಗಳ ಸಂಬಳ ಕಟ್ಟಿದ್ದೆ. ಆರು ವಾರಕ್ಕೆ ಬಾಗಿಲು ಹಾಕಿದರು. ಹೆಂಡತಿಯ ಬಳೆ ಬಿಡಿಸಿಕೊಳ್ಳಲು ವರ್ಷ ಹಿಡಿಯಿತು.

ಕ್ಲಾಸುಗಳೆಲ್ಲ ಮೋಸ ಅಂತ ಅಲ್ಲ, ಒಳ್ಳೆಯವೂ ಇವೆ. ಹೋಗಿ ಒಂದು ದಿನ ಹಿಂದಿನ ಬೆಂಚಲ್ಲಿ ಕೂತು ನೋಡಲಿ. ಒಂದು ಪಿಎಲ್‌ಸಿಗೆ ಎಷ್ಟು ಹುಡುಗರು? ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ), ಸೆನ್ಸರ್, ನ್ಯೂಮ್ಯಾಟಿಕ್ (ಗಾಳಿಯ) ಸಿಲಿಂಡರ್ ಮುಟ್ಟಲು ಬಿಡುತ್ತಾರಾ, ಇಲ್ಲಾ ಬರೀ ಪ್ರೊಜೆಕ್ಟರಾ? ನನ್ನನ್ನು ಕೇಳಿದರೆ ಮೊದಲು ಕೋಡೆಸಿಸ್‌ನಲ್ಲಿ ಎರಡು ತಿಂಗಳು ಮನೆಯಲ್ಲೇ ಕಲಿಯಲಿ. ಆಮೇಲೆ ಒಂದು ಪ್ಯಾನೆಲ್ ವರ್ಕ್‌ಶಾಪಲ್ಲಿ ಕಡಿಮೆ ಸಂಬಳಕ್ಕಾದರೂ ಸೇರಲಿ. ಆರು ತಿಂಗಳು ವೈರಿಂಗ್ ಮಾಡಿದ ಕೈ ಯಾವ ಕ್ಲಾಸಲ್ಲೂ ಸಿಗಲ್ಲ.

ಪ್ರಶ್ನೆ: ಸರ್, ನನಗೆ 33. ಬಿ.ಕಾಂ. ಭೋಸರಿಯಲ್ಲಿ ಗಾಡಿಯ ಪಾರ್ಟ್ಸ್ ಮಾಡುವ ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್. ದಿನವಿಡೀ ಟ್ಯಾಲಿ ಎಂಟ್ರಿ. ಕಂಪನಿಯಲ್ಲಿ ಎಂಐಎಸ್ (ಮ್ಯಾನೇಜರ್‌ಗಳಿಗೆ ಅಂಕಿ-ಅಂಶದ ರಿಪೋರ್ಟ್ ಮಾಡುವ) ಕೆಲಸಕ್ಕೆ ಒಬ್ಬರು ಬೇಕಂತೆ, ಸಂಬಳ ಜಾಸ್ತಿ. ಒಬ್ಬರು ಪೈಥಾನ್ ಪ್ರೋಗ್ರಾಮಿಂಗ್ ಕಲಿ ಅಂತಾರೆ, ಇನ್ನೊಬ್ಬರು ರಿಪೋರ್ಟು, ಚಾರ್ಟು ಮಾಡುವ ಪವರ್ ಬಿಐ ಅಂತಾರೆ. ಎಕ್ಸೆಲ್ ಅರೆಬರೆ ಬರುತ್ತೆ. ಯಾವುದು ಮೊದಲು?
– ಚಿಂಚವಾಡದಿಂದ ಒಬ್ಬರು

ಉತ್ತರ: ತಂಗಿ, ಇದು ನನ್ನ ಕ್ಷೇತ್ರ ಅಲ್ಲ. ನನ್ನ ಮಗಳು ಹತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾಳೆ. ಅವಳೂ ಟ್ಯಾಲಿ ಎಂಟ್ರಿಯಿಂದ ಶುರು ಮಾಡಿದವಳು. ಅವಳನ್ನು ಕೂರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಕ್ಸೆಲ್ ಮೊದಲು. ಅರೆಬರೆ ಬರುವುದನ್ನು ಪೂರ್ತಿ ಮಾಡಿಕೊಳ್ಳಿ. ಕಲಿಯಲು ಅಭ್ಯಾಸದ ಫೈಲ್ ಹುಡುಕಬೇಡಿ. ನಿಮ್ಮ ಟೇಬಲ್ ಮೇಲೇ ಒಂದು ಕೆಲಸ ಇದೆ: ಖರೀದಿ ರಿಜಿಸ್ಟರನ್ನು ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಜೊತೆ ತಾಳೆ ನೋಡುವುದು. ಪ್ರತಿ ತಿಂಗಳು 14ಕ್ಕೆ ಆ ಪಟ್ಟಿ ಬರುತ್ತೆ. ಬಿಲ್ ಅದರಲ್ಲಿ ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಸಿಗಲ್ಲ, ಸಪ್ಲೈಯರ್‌ಗೆ ಫೋನ್ ಮಾಡಬೇಕು. ನೀವು ಇದನ್ನು ಈಗ ಕಣ್ಣಲ್ಲೇ ಮಾಡುತ್ತಿರಬಹುದು. ಮಗಳು ಶುರುವಿಗೆ ಹಾಗೇ ಮಾಡುತ್ತಿದ್ದಳು, ಎರಡು ದಿನ ಹಿಡಿಯುತ್ತಿತ್ತು.

ಎರಡೂ ಪಟ್ಟಿಯಲ್ಲಿ ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ ಸೇರಿಸಿ ಒಂದು ಕಾಲಂ ಮಾಡಿ. ಎಕ್ಸ್‌ಲುಕಪ್ ಫಾರ್ಮುಲಾ ಹಾಕಿ ಹುಡುಕಿ. ನಿಮ್ಮ ಎಕ್ಸೆಲ್ ಹಳೆಯದಾದರೆ ವಿಲುಕಪ್. ಅರ್ಧಕ್ಕರ್ಧ ಸಿಗಲ್ಲ. ಯಾಕೆ? ನೀವು '45' ಅಂತ ಹಾಕಿದ್ದೀರಿ, ಸಪ್ಲೈಯರ್ '045/24-25' ಅಂತ ಹಾಕಿದ್ದಾರೆ. ಎಲ್ಲೋ ಒಂದು ಸ್ಪೇಸ್ ಸೇರಿದೆ. ಸೊನ್ನೆ ಇರುವ ಕಡೆ ಇಂಗ್ಲಿಷಿನ ಓ ಬಿದ್ದಿದೆ. ಇದನ್ನು ತೊಳೆದು ಶುದ್ಧ ಮಾಡುವುದೇ ಎಂಐಎಸ್ ಕೆಲಸದ ದೊಡ್ಡ ಪಾಲು ಅಂತಾಳೆ ಮಗಳು. ಅದಕ್ಕೆ ಪವರ್ ಕ್ವೆರಿ ಇದೆ. ಎಕ್ಸೆಲ್ 2016ರಿಂದ ಡೇಟಾ ಟ್ಯಾಬ್ ಒಳಗೇ ಬರುತ್ತೆ. ಒಂದು ಸಲ ಹಂತಗಳನ್ನು ಮಾಡಿಟ್ಟರೆ ಮುಂದಿನ ತಿಂಗಳು ಹೊಸ ಫೈಲ್ ಹಾಕಿ ರಿಫ್ರೆಶ್ ಒತ್ತಿದರೆ ಸಾಕು. ಅವಳ ಎರಡು ದಿನದ ಕೆಲಸ ಮಧ್ಯಾಹ್ನದ ಊಟದ ಮೊದಲೇ ಮುಗಿಯಲು ಶುರುವಾಯಿತು. ಅವಳ ಮ್ಯಾನೇಜರ್ ಗಮನಿಸಿದ್ದೂ ಆಗಲೇ.

ಪವರ್ ಬಿಐ ಆಮೇಲೆ. ಅದರ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಉಚಿತ. ಅದರ ಒಳಗೂ ಇದೇ ಪವರ್ ಕ್ವೆರಿ ಇರುವುದರಿಂದ ಅರ್ಧ ಕಲಿತ ಹಾಗೇ. ನಂತರ ಎಸ್‌ಕ್ಯೂಎಲ್, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ. ಎರಡು ಪಟ್ಟಿಯನ್ನು ಜೋಡಿಸುವುದು, ಗುಂಪು ಮಾಡಿ ಕೂಡಿಸುವುದು, ಇಷ್ಟು ಬಂದರೆ ಸದ್ಯಕ್ಕೆ ಸಾಕು. ಪೈಥಾನ್ ಕಾಯಲಿ.

ಎಕ್ಸೆಲ್ಲಿಗೆ ಮಿತಿ ಇದೆ, ಅದನ್ನೂ ತಿಳಿದಿರಿ. ಒಂದು ಶೀಟಲ್ಲಿ 10,48,576 ಸಾಲು. ಹಳೇ ಎಕ್ಸ್‌ಎಲ್‌ಎಸ್ ಫೈಲಾದರೆ 65,536 ಮಾತ್ರ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೊರೊನಾ ವರದಿಗಳನ್ನು ಆ ಹಳೇ ಫೈಲಿಗೆ ಹಾಕುತ್ತಿದ್ದರು. ಜಾಗ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. 15,841 ಕೇಸುಗಳು ಲೆಕ್ಕಕ್ಕೆ ತಡವಾಗಿ ಬಂದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವುದೂ ತಡವಾಯಿತು. ಅದಕ್ಕೇ ಮಗಳು ಯಾವ ರಿಪೋರ್ಟ್ ಕಳಿಸುವ ಮೊದಲೂ ಸಾಲುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಟ್ಯಾಲಿ ಜೊತೆ ತಾಳೆ ನೋಡುತ್ತಾಳೆ. ನೀವೂ ಮೊದಲ ದಿನದಿಂದ ಈ ಅಭ್ಯಾಸ ಇಟ್ಟುಕೊಳ್ಳಿ.

ಅವಳು ಇನ್ನೊಂದು ಹೇಳಿದಳು. ಯಾವ ಸಪ್ಲೈಯರ್ ಬಿಲ್ ತಡವಾಗಿ ಹಾಕುತ್ತಾನೆ, ಯಾವ ಪಾರ್ಟ್ ವಾಪಸ್ ಬರುತ್ತೆ, ಕ್ರೆಡಿಟ್ ನೋಟ್ ಯಾಕೆ ಬಂತು, ಇದೆಲ್ಲ ನಿಮಗೆ ಗೊತ್ತು. ಹೊರಗಿಂದ ಬರುವವರಿಗೆ ಅದು ಗೊತ್ತಾಗಲು ವರ್ಷ ಬೇಕು. ಇಂಟರ್‌ವ್ಯೂಗೆ ಹೋಗುವಾಗ ಮೂರು ತಿಂಗಳ 2ಬಿ ತಾಳೆಯ ಶೀಟು ಪ್ರಿಂಟ್ ತೆಗೆದು ತಗೊಂಡು ಹೋಗಿ. ಹಿಂದೆ ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು, ಎಷ್ಟು ರೂಪಾಯಿ ಕ್ರೆಡಿಟ್ ಬಾಕಿ ಇತ್ತು, ಎಷ್ಟು ಬಂತು. ಸರ್ಟಿಫಿಕೇಟು ಕೇಳಿದರೆ ಆಮೇಲೆ ನೋಡೋಣ.

ಪ್ರಶ್ನೆ: ಅಣ್ಣಾರೆ, ನಾನು ಬಾಗಲಕೋಟೆ ಕಡೆಯವನು, ವಾಸ್ಕೋದಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ವಯಸ್ಸು 24. ವೆರ್ಣಾದ ಔಷಧಿ ಕಾರ್ಖಾನೆಯಲ್ಲಿ ಬ್ಲಿಸ್ಟರ್ ಪ್ಯಾಕಿಂಗ್ (ಮಾತ್ರೆಗಳ ಸ್ಟ್ರಿಪ್ ಮಾಡುವ) ಮೆಷಿನ್ ಆಪರೇಟರ್. ಕಾಂಟ್ರಾಕ್ಟ್ ಕೆಲಸ. ಮೇಂಟೆನೆನ್ಸ್ ಕಡೆ ಹೋಗಬೇಕು ಅಂತ ಮನಸ್ಸು. ಎಸ್ಸೆಸ್ಸೆಲ್ಸಿ ಪಾಸ್. ಹಿಂದಿ, ಕೊಂಕಣಿ ಮಾತಾಡ್ತೀನಿ. ಇಂಗ್ಲಿಷ್ ಬರಲ್ಲ. ಇಂಗ್ಲಿಷ್ ಇಲ್ಲದೆ ಆಗುತ್ತಾ?
– ವಾಸ್ಕೋದಿಂದ ಒಬ್ಬ ತಮ್ಮ

ಉತ್ತರ: ತಮ್ಮಾ, ಮಾತಾಡುವ ಇಂಗ್ಲಿಷ್ ಇಲ್ಲದೆ ಆಗುತ್ತೆ. ಓದುವ ಇಂಗ್ಲಿಷ್ ಸ್ವಲ್ಪ ಬೇಕು. ಅದೂ ನಿನ್ನ ಮೆಷಿನಿನ ಇಂಗ್ಲಿಷ್ ಅಷ್ಟೇ. ಅದು ಪರದೆಯ ಮೇಲೆ ದಿನಾ ಬರುತ್ತಿದೆ: ಗಾರ್ಡ್ ಓಪನ್, ಲೋ ಏರ್ ಪ್ರೆಶರ್, ಸೀಲಿಂಗ್ ಟೆಂಪರೇಚರ್ ಲೋ, ಫಾಯಿಲ್ ಎಂಡ್. ಔಷಧಿ ಕಾರ್ಖಾನೆಯಲ್ಲಿ ಒಳಗೆ ಫೋನ್ ಬಿಡುವುದಿಲ್ಲ, ಫೋಟೋ ತೆಗೆಯಲೂ ಬೇಡ. ಶಿಫ್ಟ್ ಮುಗಿದ ಮೇಲೆ ಹೊರಗೆ ಬಂದು ನೆನಪಿನಿಂದ ಒಂದು ಪುಸ್ತಕದಲ್ಲಿ ಬರೆದುಕೋ. ಎಡಗಡೆ ಅಲಾರಂ, ಬಲಗಡೆ ಕನ್ನಡದಲ್ಲಿ ಅರ್ಥ, ಕೆಳಗೆ ಫಿಟ್ಟರ್ ಬಂದು ಏನು ಮಾಡಿದರು ಅಂತ. 1991ರಲ್ಲಿ ಮ್ಯಾನುಯಲ್ ಅರ್ಥವಾಗದೆ ನಾನು ಮಾಡಿದ್ದೂ ಇದನ್ನೇ. ಆ ಪುಸ್ತಕ ಇನ್ನೂ ಇದೆ.

ನಿನ್ನ ಕೈಯಲ್ಲಿ ಆಗಲೇ ಒಂದು ವಿದ್ಯೆ ಇದೆ. ಸೀಲ್ ಸರಿ ಕೂತಿಲ್ಲ ಅಂತ ಅಲಾರಂ ಬರುವ ಮೊದಲೇ ನಿನಗೆ ತಿಳಿಯುತ್ತೆ, ಅಲ್ವಾ? ಫಾಯಿಲ್ ಮೇಲಿನ ಮಾರ್ಕನ್ನು ಫೋಟೋಸೆಲ್ (ಬೆಳಕಿನ ಸೆನ್ಸರ್) ತಪ್ಪಿಸಿದರೆ ಪ್ರಿಂಟ್ ಸರಿಯುತ್ತೆ, ಅದೂ ಗೊತ್ತು. ಮೇಂಟೆನೆನ್ಸಿನವರನ್ನು ಕರೆಯುವಾಗ 'ಮೆಷಿನ್ ಬಂದ್ ಆಯ್ತು' ಅಂತ ಮಾತ್ರ ಹೇಳಬೇಡ. 'ಹತ್ತು ನಿಮಿಷದಿಂದ ಸೀಲಿಂಗ್ ಟೆಂಪರೇಚರ್ ಮೇಲೆ ಕೆಳಗೆ ಆಗುತ್ತಿತ್ತು, ಆಮೇಲೆ ನಿಂತಿತು' ಅಂತ ಹೇಳು. ಎರಡು ತಿಂಗಳಲ್ಲಿ ಫಿಟ್ಟರ್ ನಿನ್ನನ್ನೇ ಮೊದಲು ಕೇಳಲು ಶುರು ಮಾಡುತ್ತಾರೆ.

ಔಷಧಿ ಕಾರ್ಖಾನೆಯ ರೀತಿ ಬೇರೆ ಕಡೆಗಿಂತ ಬಿಗಿ. ಅಮೆರಿಕಕ್ಕೆ ಮಾತ್ರೆ ಕಳಿಸುವವರು ಅಲ್ಲಿನ 21 ಸಿಎಫ್ಆರ್ ಪಾರ್ಟ್ 11 ಅಂತ ಒಂದು ನಿಯಮ ಪಾಲಿಸಬೇಕು. ಅದು 1997ರದ್ದು. ಕಂಪ್ಯೂಟರಿನ ದಾಖಲೆಯಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅಂತ ಉಳಿಯಬೇಕು. ಆದ್ದರಿಂದ ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಒಂದು ಸೆಟ್ಟಿಂಗ್ ಕೂಡ ಮುಟ್ಟಬೇಡ, ಯಾರೇ ಹೇಳಿದರೂ. ಬದಲಾವಣೆಗೆ ಮೊದಲು ಕಾಗದ, ಒಪ್ಪಿಗೆ, ಆಮೇಲೆ ಸ್ಕ್ರೂ ಡ್ರೈವರ್. ಈ ಶಿಸ್ತು ಗೊತ್ತಿರುವ ಮೇಂಟೆನೆನ್ಸ್ ಹುಡುಗರಿಗೆ ಔಷಧಿ ಕಾರ್ಖಾನೆಗಳಲ್ಲಿ ಬೆಲೆ ಇದೆ.

ಆದರೆ ನಿನಗೆ ಒಂದು ಕಾಗದ ಬೇಕೇ ಬೇಕು, ಡೊಂಬಿವಲಿಯವರ ಹಾಗೆ ನಿನ್ನ ಹತ್ತಿರ ಐಟಿಐ ಇಲ್ಲ. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಅಂತ ಎರಡು ವರ್ಷದ ಟ್ರೇಡ್ ಇದೆ. ಎಲೆಕ್ಟ್ರಿಷಿಯನ್ ಕೂಡ ಎರಡು ವರ್ಷ. ಎರಡಕ್ಕೂ ಹತ್ತನೇ ಕ್ಲಾಸ್ ಸಾಕು. ವಾಸ್ಕೋದ ಸರ್ಕಾರಿ ಐಟಿಐಗೆ ಒಮ್ಮೆ ಹೋಗಿ ಅಲ್ಲಿ ಯಾವ ಟ್ರೇಡ್ ಇದೆ, ಸೀಟು ಯಾವಾಗ ಕೊಡುತ್ತಾರೆ ಕೇಳು. ಎರಡು ವರ್ಷ ಸಂಬಳ ಇಲ್ಲದೆ ಹೇಗೆ ಅನ್ನುವುದು ನಿಜವಾದ ಕಷ್ಟ. ಅಕ್ಕ, ಭಾವನ ಹತ್ತಿರ ಕೂತು ಲೆಕ್ಕ ಹಾಕು. 24ಕ್ಕೆ ಸೇರಿದರೆ 26ಕ್ಕೆ ಮುಗಿಯುತ್ತೆ. ಆಮೇಲೆ ಅಪ್ರೆಂಟಿಸ್ ಆಗಿ ಇಂತಹದೇ ಕಾರ್ಖಾನೆಗೆ ಬರಬಹುದು, ಈ ಸಲ ಮೇಂಟೆನೆನ್ಸ್ ಬಾಗಿಲಿಂದ.

ಅಷ್ಟರಲ್ಲಿ ಆ ಪುಸ್ತಕ ಶುರು ಮಾಡು. ಹತ್ತು ಅಲಾರಂ ಆದಮೇಲೆ ನನಗೆ ಬರೆದು ಕಳಿಸು. ಸ್ಪೆಲ್ಲಿಂಗ್ ತಪ್ಪಿದ್ದರೂ ಪರವಾಗಿಲ್ಲ. ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ, ಹಿಂದಿನ ಕಾರಣ, ಎರಡೂ ಬರೆದು ವಾಪಸ್ ಕಳಿಸುತ್ತೇನೆ.